ಹೆಸರಘಟ್ಟದಲ್ಲಿ ಡೇರೆ ಹಾಕಿದ ದಿನ

ನಾನು ಚಿಕ್ಕವನಿದ್ದಾಗ ಜಾಲಹಳ್ಳಿಯ ನಮ್ಮ ಕ್ವಾರ್ಟರ್ಸಿನಲ್ಲಿ ರಜೆ ಎಂದರೆ ನಾವು ನೆಂಟರ ಮನೆಗೆ ಹೋಗುವುದು, ಇಲ್ಲವೇ ನೆಂಟರು ನಮ್ಮ ಮನೆಗೆ ಬರುವುದು, ಅಷ್ಟೇ. ಚೆನ್ನಾಗಿರುವ ಮನೆಗೆ ಬೀಗ ಹಾಕಿ, ಬೇಕೆಂದೇ ಬಯಲಿನಲ್ಲಿ ಡೇರೆ ಹಾಕಿ ಮಲಗಲು ಹೊರಟವರು ಆ ಬೀದಿಯಲ್ಲಿ ನಾವೊಬ್ಬರೇ. ಆಗ ನನಗೆ ಎಂಟು ವರ್ಷ. ಅಕ್ಕನಿಗೆ ಹನ್ನೆರಡು. ತಂಗಿಗೆ ಇನ್ನೂ ಮೂರು ತುಂಬಿರಲಿಲ್ಲ.

ಆ ಹುಚ್ಚು ಹಿಡಿದದ್ದು ಅಪ್ಪನಿಗೆ. ಅಪ್ಪ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ಕೆಲಸ ಮಾಡುತ್ತಿದ್ದರು. ಅಲ್ಲಿನ ಓದುವ ಕೋಣೆಯಲ್ಲಿ ಯಾವುದೋ ಪತ್ರಿಕೆಯಲ್ಲಿ ಒಂದು ಚಿತ್ರ ನೋಡಿ ಬಂದಿದ್ದರು. ಕೆರೆಯ ದಡ, ಒಂದು ಡೇರೆ, ಅದರ ಮುಂದೆ ಬೆಂಕಿ, ಸುತ್ತ ಕೂತ ಅಪ್ಪ, ಅಮ್ಮ, ಮಕ್ಕಳು. "ಹೊಗೆ ನೆಟ್ಟಗೆ ಮೇಲಕ್ಕೆ ಹೋಗ್ತಿತ್ತು ಕಣೋ, ದಾರ ಎಳೆದ ಹಾಗೆ," ಎಂದು ಅವರು ನನಗೆ ಎಷ್ಟೋ ಸಲ ಹೇಳಿದ್ದರು. ಆಮೇಲೊಂದು ಸಂಜೆ ಗುಜರಿ ಅಂಗಡಿಯಿಂದ ಹಳೆಯ ಖಾಕಿ ಡೇರೆಯೊಂದನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಬಂದೇಬಿಟ್ಟರು. ಅದಕ್ಕೆ ಸೀಮೆಎಣ್ಣೆ ಮತ್ತು ಇಲಿಯ ವಾಸನೆ. ಮುಂದಿನ ಪರದೆ ಪೂರ್ತಿ ಕಿತ್ತುಹೋಗಿತ್ತು. ಅಮ್ಮ ಗೊಣಗುತ್ತಲೇ ಎರಡು ಸಲ ಒಗೆದು, ತೂತಿದ್ದ ಕಡೆಯೆಲ್ಲ ತೇಪೆ ಹಾಕಿದಳು. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ, "ಏನ್ರೀ, ಮಿಲಿಟರಿ ಸೇರ್ಕೊಂಡ್ರಾ?" ಎಂದು ನಕ್ಕರು. ಅಪ್ಪನೂ ಅವರೊಡನೆ ನಕ್ಕರು.

ಅವರೆಕಾಯಿಯ ಕಾಲದಲ್ಲಿ ಎರಡು ದಿನ ರಜೆ ಒಟ್ಟಿಗೆ ಬಂತು. ಮುಂಜಾನೆಯೇ ಅಪ್ಪ ಡೇರೆ, ಕೋಲು, ಹಗ್ಗ ಎಲ್ಲವನ್ನೂ ಹೇರಿಕೊಂಡು ಸೈಕಲ್ಲಿನಲ್ಲಿ ಹೊರಟರು. ನಾವು ಬುತ್ತಿ, ಕಂಬಳಿ, ನೀರಿನ ಕೂಜಾ ಹಿಡಿದು ಬಸ್ಸು ಹತ್ತಿದೆವು. ಬಾಗಲಗುಂಟೆ ದಾಟುತ್ತಿದ್ದಂತೆ ರಾಗಿ ಕೊಯ್ದ ಹೊಲಗಳು, ಅವುಗಳ ಮೇಲೆ ತೆಳ್ಳಗೆ ಮಂಜು. ಒಂದು ತಿರುವಿನಲ್ಲಿ ನಮ್ಮ ಬಸ್ಸು ಅಪ್ಪನ ಸೈಕಲ್ಲನ್ನು ಹಿಂದೆ ಹಾಕಿತು. ನಾವು ಮೂವರೂ ಕಿಟಕಿಯಿಂದ ಕಿರುಚಿದೆವು. ಅಪ್ಪ ಒಂದು ಕೈ ಬಿಟ್ಟು ಬೀಸಿದರು, ಸೈಕಲ್ಲು ವಾಲಾಡಿತು, ಅಮ್ಮ "ಅಯ್ಯೋ" ಎಂದಳು.

ಹೆಸರಘಟ್ಟದ ಕೆರೆಯ ಪಕ್ಕದಲ್ಲಿ ಹುಲ್ಲುಗಾವಲು ಕಣ್ಣು ಹಾಯುವಷ್ಟು ದೂರ ಹರಡಿತ್ತು. ಮೊಣಕಾಲಿನವರೆಗೆ ಒಣಹುಲ್ಲು, ನಡೆದರೆ ಸರಸರ ಸದ್ದು, ಲಂಗಕ್ಕೂ ಚಡ್ಡಿಗೂ ಚುಚ್ಚಿಕೊಳ್ಳುವ ಬೀಜಗಳು. ದೊಡ್ಡದೊಂದು ಆಲದ ಮರದ ಹತ್ತಿರ ಅಪ್ಪ ಡೇರೆ ಎಬ್ಬಿಸಿದರು. ನಾವು ಬೆಳಗ್ಗೆಯೆಲ್ಲ ಆಡಿದೆವು. ಚಪ್ಪಟೆ ಕಲ್ಲು ಆರಿಸಿ ಲಗೋರಿ ಕಟ್ಟಿದೆವು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚಿನ್ನಿದಾಂಡು ಆಡಿದಳು. ಅವಳಿಗೆ ಅದು ಬರುತ್ತದೆ ಎಂದು ನಮಗೆ ಗೊತ್ತೇ ಇರಲಿಲ್ಲ. ಚಿನ್ನಿ ಅಷ್ಟು ದೂರ ಹಾರಿ ಹುಲ್ಲಿನಲ್ಲಿ ಕಳೆದುಹೋಯಿತು. ಅಪ್ಪ ಕೆರೆಯ ನೀರಿನ ಮೇಲೆ ಕಲ್ಲು ಎಸೆದರೆ ಅದು ಕುಪ್ಪಳಿಸುತ್ತ ಕುಪ್ಪಳಿಸುತ್ತ ಹೋಗುತ್ತಿತ್ತು. ನಾನು ಎಸೆದದ್ದು ಮುಳುಗುತ್ತಿತ್ತು. ಅಪ್ಪ ಅಷ್ಟು ಜೋರಾಗಿ ನಗುವುದನ್ನು ಮನೆಯಲ್ಲಿ ನಾನು ಎಂದೂ ಕೇಳಿರಲಿಲ್ಲ.

ಬಿಸಿಲು ಏರಿದ ಮೇಲೆ ಅಪ್ಪ ಆಲದ ಮರದ ನೆರಳಿನಲ್ಲಿ ಮೂರು ಕಲ್ಲಿಟ್ಟು ಬೆಂಕಿ ಮಾಡಿ, ಕೆಂಡದಲ್ಲಿ ಗೆಣಸು ಹೂತಿಟ್ಟರು. "ನೋಡ್ಕೋತಿರು," ಎಂದು ನನ್ನನ್ನು ಕೂರಿಸಿ, ಡೇರೆಯ ಸಡಿಲ ಹಗ್ಗ ಬಿಗಿಯಲು ಹೋದರು. ಅಮ್ಮ, ಅಕ್ಕ ಡೇರೆಯೊಳಗೆ ಚಿತ್ರಾನ್ನ ಬಡಿಸುತ್ತಿದ್ದರು. ತಂಗಿ ಅಮ್ಮನ ಬೆನ್ನಿಗೆ ಜೋತುಬಿದ್ದಿದ್ದಳು.

ಒಣ ಕಡ್ಡಿಯ ಬೆಂಕಿಯಲ್ಲಿ ಹೊಗೆಯೇ ಇರಲಿಲ್ಲ. ಅಪ್ಪನ ಚಿತ್ರದಲ್ಲಿ ಹೊಗೆ ಇತ್ತು. ಪಕ್ಕದಲ್ಲಿ ಎಳೆಯ ನೀಲಗಿರಿ ಗಿಡಗಳಿದ್ದವು. ನಾನು ಎರಡು ತೋಳು ತುಂಬ ಹಸಿ ಸೊಪ್ಪು ಮುರಿದು ತಂದು ಬೆಂಕಿಯ ಮೇಲೆ ಹಾಕಿದೆ. ಚಟಪಟ ಎಂದಿತು. ಘಮ್ಮೆಂದು ವಾಸನೆ ಎದ್ದಿತು. ಆಮೇಲೆ ದಟ್ಟನೆಯ ಬಿಳಿ ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಅಪ್ಪನನ್ನು ಕರೆದು ತೋರಿಸಬೇಕು ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಗುಂಯ್ ಎಂದು ಕೇಳಿಸಿತು, ದೂರದಲ್ಲಿ ಲಾರಿ ಬರುತ್ತಿದೆ ಎಂದುಕೊಂಡೆ. ಆದರೆ ಆ ಸದ್ದು ರಸ್ತೆಯಿಂದ ಬರುತ್ತಿರಲಿಲ್ಲ, ತಲೆಯ ಮೇಲಿನಿಂದ ಬರುತ್ತಿತ್ತು. ಕೊಂಬೆಯ ಕೆಳಗೆ ಕಪ್ಪಗೆ ಜೋತುಬಿದ್ದಿದ್ದನ್ನು ನಾವು ಯಾರೂ ಗಮನಿಸಿರಲಿಲ್ಲ. ಈಗ ಅದು ಅಲುಗಾಡಿ, ಒಡೆದು, ಮೋಡದಂತೆ ಕೆಳಗೆ ಸುರಿಯಿತು. ಹೆಜ್ಜೇನು.

ನನ್ನ ಕಿವಿಗೆ, ಕುತ್ತಿಗೆಗೆ ಕೆಂಡ ಇಟ್ಟಂತಾಯಿತು. ಅಪ್ಪ ಓಡಿ ಬಂದು ಒಂದೇ ತೋಳು ಹಿಡಿದು ನನ್ನನ್ನು ಎತ್ತಿ ಡೇರೆಯೊಳಗೆ ಎಸೆದರು. ಡೇರೆಗೆ ಮುಂದಿನ ಪರದೆ ಇರಲಿಲ್ಲವಲ್ಲ, ಹುಳುಗಳು ಒಳಗೇ ನುಗ್ಗುತ್ತಿದ್ದವು. ಅಪ್ಪ ನಡುವಿನ ಕೋಲನ್ನು ಒದ್ದು ಬೀಳಿಸಿದರು. ಇಡೀ ಡೇರೆ ನಮ್ಮ ಮೇಲೆ ಕುಸಿಯಿತು. ಅಪ್ಪ ಹೊರಗಿನಿಂದ ಅಂಚಿನ ಮೇಲೆ ದಪ್ ದಪ್ ಎಂದು ಕಲ್ಲು ಹೇರುವ ಸದ್ದು ಕೇಳಿಸಿತು.

"ಏನೇ ಆಗ್ಲಿ, ಬಟ್ಟೆ ಎತ್ಬೇಡಿ! ನಾನ್ ಹೇಳೋವರ್ಗೂ ಯಾರೂ ಹೊರಗ್ ಬರ್ಬೇಡಿ!"

"ರೀ, ನೀವೂ ಒಳಗ್ ಬನ್ರೀ!" ಎಂದು ಅಮ್ಮ ಕೂಗಿದಳು.

ಉತ್ತರವಾಗಿ ಓಡುವ ಹೆಜ್ಜೆಯ ಸದ್ದು, ಸರಸರ ಹುಲ್ಲಿನ ಸದ್ದು. ಅಪ್ಪ ಹುಳುಗಳನ್ನು ತಮ್ಮ ಹಿಂದೆ ಎಳೆದುಕೊಂಡು ಕೆರೆಯ ಕಡೆಗೆ ಓಡುತ್ತಿದ್ದರು. ಒಂದು ಸಲ ಅವರು ಕಿರುಚಿದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಆ ಬಟ್ಟೆಯ ಕೆಳಗೆ ನಾವು ಎಷ್ಟು ಹೊತ್ತು ಇದ್ದೆವೋ ನನಗೆ ಗೊತ್ತಿಲ್ಲ. ಮುಖದ ಮೇಲೆಯೇ ಒರಟು ಖಾಕಿ, ಉಸಿರಾಡಿದರೆ ಸೀಮೆಎಣ್ಣೆ, ಕೈಕಾಲಿಗೆಲ್ಲ ಚಿತ್ರಾನ್ನ. ಬಿಸಿಲಿಗೆ ಬಟ್ಟೆ ಕಾದು ಬೆವರು ಕಣ್ಣಿಗೆ ಇಳಿಯುತ್ತಿತ್ತು. ಹುಳುಗಳು ಮೇಲೆ ಬಂದು ಬೀಳುವ ಸದ್ದು ಮೊರಕ್ಕೆ ಕಾಳು ಎರಚಿದಂತೆ ಕೇಳಿಸುತ್ತಿತ್ತು. ಅಮ್ಮ ತಂಗಿಯನ್ನು ಎದೆಯ ಕೆಳಗೆ ಹುದುಗಿಸಿಕೊಂಡು, ಬರಿಯ ಕೈಯಿಂದ ಒಳಗೆ ಸೇರಿದ್ದ ಹುಳುಗಳನ್ನು ಒಂದೊಂದಾಗಿ ಹೊಸಕುತ್ತಿದ್ದಳು. ಪ್ರತಿ ಸಲವೂ ಅವಳ ಹಲ್ಲು ಕಚ್ಚಿಕೊಳ್ಳುವ ಸದ್ದು ನನಗೆ ಕೇಳಿಸುತ್ತಿತ್ತು.

ತಂಗಿ ನೀರು ಕೇಳಿದಳು. ಕೂಜಾ ಹೊರಗಿತ್ತು, ಹತ್ತು ಹೆಜ್ಜೆಯೂ ಇರಲಿಲ್ಲ. ಅಕ್ಕ "ನಾನ್ ತರ್ತೀನಿ" ಎಂದು ಅಂಚಿನ ಕಡೆ ತೆವಳಿದಳು. ಅಮ್ಮ ಅವಳ ಜಡೆ ಹಿಡಿದು ಹಿಂದಕ್ಕೆ ಎಳೆದಳು. ಅಕ್ಕ ಅಳುತ್ತ, "ಹಾಗಾದ್ರೆ ಅಪ್ಪನ್ನ ಯಾರಮ್ಮ ನೋಡ್ತಾರೆ?" ಎಂದಳು. ಅಮ್ಮ ಕೆರೆಯ ಕಡೆಗೆ ಮುಖ ತಿರುಗಿಸಿದಳು. ಅವಳು ಮತ್ತೆ ಮತ್ತೆ, "ರೀ, ಕೇಳಿಸ್ತಿದ್ಯಾ? ಒಂದ್ಸಲ ಓ ಅನ್ರೀ," ಎಂದು ಕೂಗಿದಳು. ಕೂಗಿ ಕೂಗಿ ಅವಳ ದನಿ ಒಡೆಯಿತು.

ಹಸಿ ಸೊಪ್ಪು ಹಾಕಿದ್ದು ನಾನು ಎಂದು ಹೇಳಬೇಕು ಅನ್ನಿಸುತ್ತಿತ್ತು. ಹೇಳಿದರೆ ಏನೂ ಬದಲಾಗುವುದಿಲ್ಲ ಎಂದೂ ಗೊತ್ತಿತ್ತು. ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡು ಮಲಗಿದ್ದೆ. ಕೈಯಲ್ಲಿ ಇನ್ನೂ ನೀಲಗಿರಿಯ ವಾಸನೆ ಇತ್ತು.

ಕೊನೆಗೆ ಹುಲ್ಲಿನಲ್ಲಿ ಯಾರೋ ನಡೆದು ಬರುವ ಸದ್ದು ಕೇಳಿಸಿತು. ಅಪ್ಪ ಎಂದುಕೊಂಡೆವು. ಅಪ್ಪನಲ್ಲ, ಒಬ್ಬ ಅಜ್ಜಿಯ ದನಿ.

"ಯಾರವ್ವಾ ಒಳ್ಗೆ? ಎಷ್ಟ್ ಜನ ಇದ್ದೀರಿ?"

"ನಾಲ್ಕು ಜನ ಅಜ್ಜೀ! ನಮ್ಮನೆಯವ್ರು ಕೆರೆ ಕಡೆ ಓಡಿದ್ರು, ಅವ್ರನ್ನ ಮೊದ್ಲು ನೋಡಿ!" ಅಮ್ಮ ಒಂದೇ ಉಸಿರಿನಲ್ಲಿ ಹೇಳಿದಳು.

"ಇನ್ನೂ ಎಜ್ಜೇನು ಸುತ್ತಾಡ್ತಾ ಅವೆ. ಮೊದ್ಲು ಮಕ್ಳು ಈಚೆ ಬರ್ಲಿ. ನಾನ್ ಏಳೋಗಂಟ ಅಂಗೇ ಮಲ್ಗಿರಿ."

ಹುಲ್ಲು ಕೊಯ್ಯಲು ಬಂದಿದ್ದ ಅಜ್ಜಿ ಅವರು. ಗೋಣಿಚೀಲವನ್ನು ತಲೆಯಿಂದ ಸೊಂಟದವರೆಗೆ ಹೊದ್ದು, ಕೈಯಲ್ಲಿ ಹೊಗೆಯಾಡುವ ಹುಲ್ಲಿನ ಹಿಡಿ ಹಿಡಿದಿದ್ದರು. ಹೊಗೆಯನ್ನು ಸುತ್ತಲೂ ಬೀಸುತ್ತ ಒಬ್ಬೊಬ್ಬರನ್ನೇ ಹೊರಗೆ ಎಳೆದು, ರಸ್ತೆಯ ಕಡೆಗೆ ನಡೆಸಿದರು. ಆಮೇಲೆ ಅಮ್ಮನನ್ನು ಕರೆದುಕೊಂಡು ಕೆರೆಗೆ ಹೋದರು. ನಾನು ಅಕ್ಕನ ಕೈ ಬಿಡಿಸಿಕೊಂಡು ಅವರ ಹಿಂದೆಯೇ ಓಡಿದೆ.

ಅಪ್ಪ ಜೊಂಡಿನ ನಡುವೆ ಅರ್ಧ ನೀರಿನಲ್ಲಿ, ಅರ್ಧ ಕೆಸರಿನಲ್ಲಿ ಬಿದ್ದಿದ್ದರು. ಒದ್ದೆ ಅಂಗಿಯನ್ನು ತಲೆಗೆ ಎಳೆದುಕೊಂಡಿದ್ದರು. ಅಜ್ಜಿ ಅದನ್ನು ಸರಿಸಿದಾಗ ನಾನು ಕಂಡ ಮುಖ ನನ್ನ ಅಪ್ಪನದಾಗಿರಲಿಲ್ಲ. ಕಣ್ಣುಗಳಿದ್ದ ಕಡೆ ಎರಡು ಗೆರೆ. ತುಟಿ ಊದಿ ಮಾತು ಹೊರಡುತ್ತಿರಲಿಲ್ಲ. ಉಸಿರು ಸಿಳ್ಳೆ ಹಾಕಿದಂತೆ ಬರುತ್ತಿತ್ತು. ಅಮ್ಮ ಅವರ ಕಿವಿಯ ಹತ್ತಿರ ಬಾಗಿ, "ಮಕ್ಳು ಚೆನ್ನಾಗಿದಾರೆ ರೀ," ಎಂದಳು. ಅವರ ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಅಮ್ಮ ಆ ಕೈ ಹಿಡಿದುಕೊಂಡಳು.

ಸುತ್ತ ಒಂದು ಮನೆ ಇಲ್ಲ. ಸೈಕಲ್ಲು ಇತ್ತು, ಆದರೆ ಅಮ್ಮನಿಗೆ ತುಳಿಯಲು ಬರುತ್ತಿರಲಿಲ್ಲ, ನನಗೆ ಕಾಲು ಎಟುಕುತ್ತಿರಲಿಲ್ಲ. ಅಜ್ಜಿ ಕುಡುಗೋಲಿನ ಬೆನ್ನಿನಿಂದ ಅಪ್ಪನ ಮೈಮೇಲಿನ ಮುಳ್ಳುಗಳನ್ನು ಹೆರೆಯುತ್ತ ಕೂತರು. ಅಮ್ಮ ರಸ್ತೆಗೆ ಓಡಿ, ನಡುವೆ ನಿಂತು ಎರಡೂ ಕೈ ಅಗಲಿಸಿದಳು. ಬಹಳ ಹೊತ್ತು ಆ ರಸ್ತೆಯಲ್ಲಿ ಯಾರೂ ಬರಲಿಲ್ಲ. ಆಮೇಲೆ ಒಂದು ಹಾಲಿನ ವ್ಯಾನು ಬಂತು. ಡ್ರೈವರು ಇಳಿದು ಬಂದು, ಅಪ್ಪನನ್ನು ಹೆಗಲ ಮೇಲೆ ಹೊತ್ತು ಹಾಲಿನ ಕ್ಯಾನುಗಳ ನಡುವೆ ಮಲಗಿಸಿದ. ದಾರಿಯುದ್ದಕ್ಕೂ ಕ್ಯಾನುಗಳು ಗಡಗಡ ಎನ್ನುತ್ತಿದ್ದವು. ಅಪ್ಪನ ಮೈಯಲ್ಲಿ ಊದದೇ ಇದ್ದದ್ದು ಪಾದಗಳು ಮಾತ್ರ. ನಾನು ಒಂದು ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅದು ತಣ್ಣಗಿತ್ತು. ಉಜ್ಜಿದೆ. ಬೆಚ್ಚಗಾಗಲಿಲ್ಲ.

ಆಸ್ಪತ್ರೆಯಲ್ಲಿ ಮಕ್ಕಳನ್ನು ಒಳಗೆ ಬಿಡಲಿಲ್ಲ. ನಮ್ಮ ಕಿವಿ, ಕುತ್ತಿಗೆಗೆ ಏನೋ ಹಚ್ಚಿ ಬೆಂಚಿನ ಮೇಲೆ ಕೂರಿಸಿದರು. ಡಾಕ್ಟರು ಅಮ್ಮನಿಗೆ, "ಇಂಜೆಕ್ಷನ್ ಕೊಟ್ಟಿದೀವಮ್ಮ. ಇನ್ನು ಕಾಯ್ಬೇಕು ಅಷ್ಟೆ," ಎಂದರು. ನಾವು ಕಾದೆವು. ತಂಗಿ ಅಕ್ಕನ ತೊಡೆಯ ಮೇಲೆ ನಿದ್ದೆ ಹೋದಳು. ಬಾಗಿಲು ತೆರೆದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ, ಮುಚ್ಚಿದಾಗ ಕೂರುತ್ತಿದ್ದೆ. ಹೊತ್ತು ಮುಳುಗುವ ಮುನ್ನ ನರ್ಸಮ್ಮ ಬಂದು, ಉಸಿರು ಸರಿಯಾಗಿದೆ ಎಂದು ಹೇಳಿದರು. ಅಮ್ಮ ಗೋಡೆಗೆ ಒರಗಿ ಹಾಗೆಯೇ ನೆಲದ ಮೇಲೆ ಕೂತುಬಿಟ್ಟಳು.

ಐದಾರು ದಿನದ ಮೇಲೆ ಅಪ್ಪ ಮನೆಗೆ ಬಂದರು. ಒಂದು ಮಧ್ಯಾಹ್ನ ಅಮ್ಮ ಅಡುಗೆಮನೆಯಲ್ಲಿದ್ದಾಗ ನಾನು ಮಂಚದ ಹತ್ತಿರ ಹೋಗಿ ನಿಂತೆ.

"ಅಪ್ಪಾ, ಹಸಿ ಸೊಪ್ಪು ಹಾಕಿದ್ದು ನಾನು."

ಅಪ್ಪ ಅರ್ಧ ತೆರೆದ ಕಣ್ಣಿನಿಂದ ನನ್ನನ್ನು ನೋಡಿದರು. "ಗೊತ್ತು ಕಣೋ. ಹೊಗೆ ನೋಡ್ದೆ."

"ನೀವ್ ಹೇಳಿದ್ರಲ್ಲ, ಚಿತ್ರದಲ್ಲಿ..." ಎಂದೆ.

"ಬೆಂಕಿ ಹಾಕೋಕ್ಮುಂಚೆ ಮರದ್ ಮೇಲೆ ನೋಡ್ಬೇಕಾಗಿದ್ದೋನು ನಾನು. ನೀನಲ್ಲ," ಎಂದು ಅಪ್ಪ ನನ್ನ ಕಿವಿಯನ್ನು ಮೆಲ್ಲಗೆ ಮುಟ್ಟಿದರು. "ಇನ್ನೂ ನೋಯ್ತಿದ್ಯಾ?"

ನೋಯುತ್ತಿರಲಿಲ್ಲ. ಆದರೂ ಹೌದೆಂದು ತಲೆಯಾಡಿಸಿದೆ. ಅಪ್ಪ ಸರಿದು ಮಂಚದಲ್ಲಿ ಜಾಗ ಮಾಡಿಕೊಟ್ಟರು.

ಮಕ್ಕಳೇ, ಹೋದ ತಿಂಗಳು ನೀವು ಈ ತಾತನನ್ನೂ ನಿಮ್ಮ ಕ್ಯಾಂಪಿಗೆ ಕರೆದುಕೊಂಡು ಹೋದಿರಲ್ಲ, ಯಲಹಂಕದಾಚೆ. ಡೇರೆಗಳು ನಾವು ಹೋಗುವ ಮೊದಲೇ ಸಾಲಾಗಿ ನಿಂತಿದ್ದವು. ಒಳಗೆ ಹಾಸಿಗೆ, ಫ್ಯಾನು, ಬಾಗಿಲಿಗೆ ಜಿಪ್ಪು. ಬೆಂಕಿಗೆ ಕಬ್ಬಿಣದ ಗೂಡು, ಮರಗಳಿಂದ ದೂರ. ದೋಣಿ ಹತ್ತುವವರಿಗೆಲ್ಲ ತೇಲುವ ಜಾಕೆಟ್ಟು. ನಿಮ್ಮ ಅಮ್ಮನ ಫೋನಿನಲ್ಲಿ ಹತ್ತಿರದ ಆಸ್ಪತ್ರೆಯ ನಂಬರು. ನಮಗೆ ಇವುಗಳಲ್ಲಿ ಒಂದೂ ಇರಲಿಲ್ಲ. ನಾವು ಎಲ್ಲಿಗೆ ಹೋಗಿದ್ದೇವೆ ಎಂಬುದು ಪಕ್ಕದ ಮನೆಯವರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಿಮಗೆ ಎಲ್ಲವೂ ಇದೆ, ಅದು ನನಗೆ ತುಂಬ ಸಮಾಧಾನ.

ಆದರೆ ಪುಟ್ಟಿ, ನೀನು ಆ ಹಗ್ಗದ ಸೇತುವೆಯ ಮಧ್ಯದಲ್ಲಿ ನಿಂತುಬಿಟ್ಟೆಯಲ್ಲ. "ತಾತಾ, ನಂಗಾಗ್ತಿಲ್ಲ!" ಎಂದು ಅಳತೊಡಗಿದೆ. ನಿನ್ನ ತಲೆಗೆ ಹೆಲ್ಮೆಟ್ ಇತ್ತು, ಸೊಂಟಕ್ಕೆ ಎರಡು ಕೊಂಡಿ ಇದ್ದವು, ನೀನು ಬೀಳುವುದು ಸಾಧ್ಯವೇ ಇರಲಿಲ್ಲ. ಅದೆಲ್ಲ ನನಗೆ ಗೊತ್ತಿತ್ತು. ಆದರೂ ನಾನು ಕೆಳಗೆ ಎರಡೂ ಕೈ ಚಾಚಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದೆ. "ಅಂಕಲ್, ಸ್ವಲ್ಪ ಹಿಂದೆ ನಿಂತ್ಕೊಳ್ಳಿ, ಪ್ಲೀಸ್," ಎಂದು ಅಲ್ಲಿನ ಹುಡುಗಿ ಹೇಳಿದಳು. ಹಿಂದೆ ನಿಂತೆ. ಬೇರೇನು ಮಾಡಲಿ? ಅಪ್ಪನಿಗೆ ಆ ದಿನ ಓಡಲು ಒಂದು ಕೆರೆಯಾದರೂ ಇತ್ತು.

ನೀನು ಮೂಗು ಒರೆಸಿಕೊಂಡು ಒಂದು ಹೆಜ್ಜೆ ಇಟ್ಟೆ. ಇನ್ನೊಂದು ಇಟ್ಟೆ. ಆಚೆ ದಡ ಮುಟ್ಟಿ ಕೂಗಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ನೀನು ಇಳಿದವಳೇ ನನ್ನ ಮುಂದಿನಿಂದಲೇ ಮುಂದಿನ ಆಟಕ್ಕೆ ಓಡಿದೆ. ನಾನು ಚಪ್ಪಾಳೆ ತಟ್ಟಲಿಲ್ಲ ಎಂದು ಆಮೇಲೆ ಸಿಟ್ಟು ಮಾಡಿಕೊಂಡೆಯಲ್ಲ? ನನ್ನ ಎರಡೂ ಕೈ ಇನ್ನೂ ಚಾಚಿಕೊಂಡೇ ಇದ್ದವು ಕಂದಾ.