ಕನ್ನಡಿ ಮುಂದಿನ ಶಾಲೆ

ರಜೆಯ ಬೆಳಿಗ್ಗೆ ಆ ಬೀದಿಯಲ್ಲಿ ಮೊದಲು ಕೇಳುವುದು ಕಬ್ಬಿಣದ ಶಟರ್ ಏಳುವ ಸದ್ದು. ಅರ್ಧಕ್ಕೆ ಬಂದು ಕೆಮ್ಮಿದಂತೆ ನಿಲ್ಲುತ್ತದೆ. ಆಮೇಲೆ ಯಾರೋ ಭುಜ ಕೊಟ್ಟಂತೆ ಗರಗರನೆ ಮೇಲೆ ಹೋಗುತ್ತದೆ. ಭುಜ ಕೊಡುವವನು ಕತ್ತರಿ ಮಾವ. ವಾರವೆಲ್ಲ ಅಲ್ಲಿ ಕೂದಲು ಕತ್ತರಿಸುವ ಅವನು, ಅಂಗಡಿಗೆ ರಜೆಯಿರುವ ಆ ಒಂದು ದಿನ ಅದನ್ನು ಶಾಲೆ ಮಾಡುತ್ತಾನೆ. ಅವನ ಹೆಂಡತಿ ಅಲ್ಲಿಗೆ ಬರುವ ಮಕ್ಕಳಿಗೆ ಮನೆಮಾತಿನ ಅಕ್ಷರ ಕಲಿಸುತ್ತಾಳೆ, ಅವನು ಮಾತಾಡುವುದನ್ನು ಕಲಿಸುತ್ತಾನೆ. ಅದೊಂದನ್ನು ನಮ್ಮನೆಯವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ ಎಂದು ಅವಳು ಬಂದವರಿಗೆಲ್ಲ ಹೇಳುತ್ತಾಳೆ.

ಶಾಲೆ ಶುರುವಾದದ್ದು ಗುಂಗುರಿಯ ದೆಸೆಯಿಂದ. ಅವಳು ಬಸ್ಸು ಓಡಿಸುವ ಹೆಂಗಸಿನ ಮಗಳು; ಬಾಚಣಿಗೆಯ ಹಲ್ಲು ಮುರಿಯುವಂಥ ಗುಂಗುರು ಕೂದಲು. ದೂರದಿಂದ ಬಂದು ಆ ಊರಲ್ಲಿ ನೆಲೆಸಿದ ಅವರ ಜನರಲ್ಲಿ ಎಲ್ಲ ಮನೆಗಳ ಕಥೆಯೂ ಒಂದೇ ಆಗಿತ್ತು. ತಾಯಿ ಮನೆಮಾತಿನಲ್ಲಿ ಕೇಳಿದರೆ ಮಕ್ಕಳು ಊರಮಾತಿನಲ್ಲಿ ಉತ್ತರ ಕೊಡುತ್ತಿದ್ದವು. ತಪ್ಪಿದರೆ ಎದುರಿನವರು ನಗುತ್ತಾರೆಂಬ ಅಂಜಿಕೆ. ಒಂದು ದಿನ ಕತ್ತಿನ ಸುತ್ತ ಬಟ್ಟೆ ಕಟ್ಟಿಸಿಕೊಂಡು, ತಲೆ ಅಲ್ಲಾಡಿಸುವಂತಿಲ್ಲದೆ ಕೂತಿದ್ದ ಗುಂಗುರಿಯನ್ನು ಮಾವ ಏನು ತಿಂದು ಬಂದೆ ಎಂದು ಮನೆಮಾತಿನಲ್ಲಿ ಸುಮ್ಮನೆ ಕೇಳಿದ. ಕನ್ನಡಿಯಲ್ಲಿ ಅವನನ್ನೇ ನೋಡುತ್ತ ಹುಡುಗಿ ತಿಂದದ್ದು, ಬಿಟ್ಟದ್ದು, ಬಿಟ್ಟದ್ದಕ್ಕೆ ಅಮ್ಮ ಬೈದದ್ದು ಎಲ್ಲವನ್ನೂ ಮನೆಮಾತಿನಲ್ಲೇ ಹೇಳಿದಳು. ಹಿಂದೆ ಬೆಂಚಿನ ಮೇಲಿದ್ದ ತಾಯಿ, ಕೈಯಲ್ಲಿದ್ದ ಪತ್ರಿಕೆ ಜಾರಿದ್ದೂ ತಿಳಿಯದೆ ಕೂತಳು.

ಎಲ್ಲ ನನ್ನ ಕೈಗುಣ ಎಂದು ಮಾವ ಬೀಗಿದ. ಮುಂದಿನ ರಜೆಗೆ ಶಟರ್ ಎದ್ದಿತು.

ಅವನ ಪಾಠದ ಕ್ರಮ ಸರಳ. ಒಂದು ಮಗು ಕುರ್ಚಿಯಲ್ಲಿ, ಇನ್ನೊಂದು ಬಾಚಣಿಗೆ ಹಿಡಿದು ಹಿಂದೆ. ಬಾಚಣಿಗೆ ಆಡುವಷ್ಟು ಹೊತ್ತೂ ಮಾತು ನಿಲ್ಲಬಾರದು. ಮಾತು ನಿಲ್ಲಿಸಿದವರು ಜಾಗ ಬಿಡಬೇಕು. ಬರಬರುತ್ತ ಮಕ್ಕಳ ಸಂಖ್ಯೆ ಹೆಚ್ಚಿ, ಕುರ್ಚಿಗೆ ಇಬ್ಬಿಬ್ಬರಾಗಿ, ಕಾಲಿಡುವ ಹಲಗೆಯ ಮೇಲೂ ಕೂರತೊಡಗಿದವು. ಆಗಲೇ ಕಟ್ಟಡದ ಮಾಲೀಕ ಗದ್ದಲ ತಡೆಯಲಾರದೆ, ಮುಂದಿನ ತಿಂಗಳಿಂದ ರಜೆಯ ದಿನ ಅಂಗಡಿ ತೆರೆಯಕೂಡದು ಎಂದುಬಿಟ್ಟ. ಗ್ರಂಥಾಲಯದಲ್ಲಿ ಒಂದು ಕೋಣೆ ಖಾಲಿಯಿತ್ತು. ಅಲ್ಲಿನ ಮೇಡಂ ಬಂದು ನೋಡಿ, ಇದು ನಿಜಕ್ಕೂ ಶಾಲೆ ಎನಿಸಿದರೆ ಕೊಡುತ್ತೇನೆ ಎಂದಿದ್ದರು. ಎನಿಸದಿದ್ದರೆ ಶಾಲೆ ಮುಗಿದಂತೆಯೇ.

ಗುಂಗುರಿಯ ಅಮ್ಮ, ಆ ಬಸ್ಸಿನ ತಾಯಿ, ಉಸ್ತುವಾರಿ ವಹಿಸಿಕೊಂಡಳು. "ಅಣ್ಣಾ, ಮೇಡಂ ಕಣ್ಣಿಗೆ ಇದು ಶಾಲೆ ಥರ ಕಾಣ್ಬೇಕು," ಎಂದಳು. ಅವಳು ತಿರುಗು ಎಂದರೆ ಬಸ್ಸೇ ತಿರುಗುತ್ತದೆ, ಮಾವ ಯಾವ ಲೆಕ್ಕ. ಬಾಚಣಿಗೆ, ಬಾಟಲಿಗಳು ಡಬ್ಬ ಸೇರಿದವು. ತಿರುಗುವ ಕುರ್ಚಿಗಳ ಮುಂದೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು ನಿಂತಿತು. ಕನ್ನಡಿಗಳ ಮೇಲೆ ಬೆಡ್‌ಶೀಟು ಇಳಿಬಿತ್ತು. ಮಾವನಿಗೆ ಮದುವೆಯ ಕೋಟು ಹಾಕಿಸಿದರು. ಗುಂಡಿ ಹಾಕಲು ಅವನು ಉಸಿರು ಬಿಗಿಹಿಡಿಯಬೇಕಾಯಿತು.

ಮೇಡಂ ಬಂದು ಕೂತರು. ಮಕ್ಕಳು ಅಕ್ಷರಗಳನ್ನು ಮುದ್ದಾಗಿ ಬರೆದು ತೋರಿಸಿದವು. ಚೆನ್ನಾಗಿದೆ, ಇನ್ನು ಸ್ವಲ್ಪ ಮಾತಾಡಲಿ ಎಂದರು ಮೇಡಂ. ಗುಂಗುರಿ ಎದ್ದು ಜೊತೆಗಾತಿಯ ಎದುರು ನಿಂತಳು. ಇಬ್ಬರೂ ತಮ್ಮ ಕಾಲ್ಬೆರಳು ನೋಡಿಕೊಂಡರು. ಮಾವ ಪುಸಲಾಯಿಸಿದ, ಕಣ್ಣು ಹೊಡೆದ, ಏನು ತಿಂದೆ ಎಂದು ತಾನೇ ಕೇಳಿದ. ಗುಂಗುರಿ ಊರಮಾತಿನಲ್ಲಿ, ಏನೂ ಇಲ್ಲ, ಎಂದಳು. ಮೇಡಂ ಮೆಲ್ಲಗೆ ಕೈಚೀಲ ಎತ್ತಿಕೊಂಡರು. ಕೋಟಿನೊಳಗೆ ಮಾವ ಬೆವೆತುಹೋದ. ಇಷ್ಟು ದಿನದ ಕೈಗುಣ ಎಲ್ಲಿ ಹೋಯಿತು?

ಆಗ ಅವನ ಕಣ್ಣಿಗೆ ಬಿತ್ತು: ಹುಡುಗಿ ಮತ್ತೆ ಮತ್ತೆ ಬೆಡ್‌ಶೀಟಿನತ್ತ ನೋಡುತ್ತಿದ್ದಳು. ಈ ಅಂಗಡಿಯಲ್ಲಿ ಯಾರೂ ಯಾರ ಮುಖಕ್ಕೂ ನೇರ ನಿಂತು ಮಾತಾಡಿದವರಲ್ಲ. ಮಾವನೂ ಅಷ್ಟೇ, ಕಣ್ಣೆದುರು ತಲೆಯ ಹಿಂಭಾಗ, ಮಾತೆಲ್ಲ ಗಾಜಿನೊಳಗಿನ ಮುಖದ ಜೊತೆ.

ಅವನು ಬೆಡ್‌ಶೀಟು ಎಳೆದುಹಾಕಿದ. ಮೇಡಂ ಅವರನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ, ಬಟ್ಟೆ ಹೊದಿಸಿ, ಗುಂಗುರಿಯ ಕೈಗೆ ಬಾಚಣಿಗೆ ಕೊಟ್ಟ. ಹುಡುಗಿ ಕನ್ನಡಿಯಲ್ಲಿ ಅವರನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಸೊಂಟಕ್ಕೆ ಕೈಯಿಟ್ಟು, ಮನೆಮಾತಿನಲ್ಲಿ, ಮಾವ ಪ್ರತಿ ಹೊಸ ಗಿರಾಕಿಗೂ ಹೇಳುವುದನ್ನೇ ಹೇಳಿದಳು.

"ಅಯ್ಯೋ, ಯಾವ ಪುಣ್ಯಾತ್ಮ ಕತ್ತರಿಸಿದ್ದು ಇದನ್ನ? ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ!"

ಮಿಕ್ಕ ಮಕ್ಕಳು ಕನ್ನಡಿಯ ಮುಂದೆ ಮುಗಿಬಿದ್ದು, ಉದ್ದ ಯಾವ ಕಡೆ ಎಂದು ಮನೆಮಾತಿನಲ್ಲೇ ಜಗಳಕ್ಕೆ ನಿಂತವು. ಮೇಡಂ ಅರ್ಥ ಕೇಳಿದರು. ಮಾವನ ಹೆಂಡತಿ ಸಂಕೋಚದಿಂದ ಬಿಡಿಸಿ ಹೇಳಿದಾಗ, ಅವರು ಕಿವಿಯ ಬಳಿ ಕೂದಲು ಅಳೆದು ನೋಡಿಕೊಂಡು ನಕ್ಕರು. ಕೋಣೆ ನಿಮ್ಮದೇ ಎಂದರು.

ಅವರು ಹೋದ ಮೇಲೆ ಬಸ್ಸಿನ ತಾಯಿ ಸುಮ್ಮನಿರಲಿಲ್ಲ. "ಅಂತೂ ಕೈಗುಣ ನಿಮ್ಮದಲ್ಲ ಅಣ್ಣಾ, ಗಾಜಿಂದು."

ಮಾವ ಕೋಟು ಬಿಚ್ಚಿ ಅವಳ ಕೈಗೆ ಕೊಟ್ಟ. ಗ್ರಂಥಾಲಯದ ಕೋಣೆಯ ಬೋಳು ಗೋಡೆಗಳು ನೆನಪಾಗಿ ಅವನ ಕಾಲು ಆಗಲೇ ಮೆಟ್ಟಿಲ ಮೇಲಿತ್ತು. ಅಂಗಡಿಯ ಮೇಲೆಯೇ ಇದ್ದ ಅವರ ಮನೆಯಲ್ಲಿ ಒಂದು ನಿಲುವುಗನ್ನಡಿ ಇತ್ತು.

"ರೀ, ಅದು ನನ್ನ ಕನ್ನಡಿ," ಎಂದಳು ಹೆಂಡತಿ.

"ನಿನಗ್ಯಾಕೆ ಕನ್ನಡಿ? ಹೇಗೆ ಕಾಣ್ತೀಯ ಅಂತ ದಿನಾ ನಾನೇ ಹೇಳ್ತೀನಲ್ಲ," ಎನ್ನುತ್ತ ಅವನು ಮೆಟ್ಟಿಲು ಹತ್ತತೊಡಗಿದ, "ಮೊನ್ನೆ ಕೂಡ ಹೇಳ್ಲಿಲ್ವಾ, ಆ ನೀಲಿ ಸೀರೇಲಿ ನೀನು ಥೇಟ್ ಮದುವೆ ದಿನದ ಹಾಗೇ ಇದ್ದೀಯ ಅಂತ!"