ಕಂಪ್ಲಿಯ ಮರಳಲ್ಲಿ ನಮ್ಮ ಜೀಪು, ಮತ್ತೆ ಆ ಹಗ್ಗದ ಪುಣ್ಯಾತ್ಮರು

ಬಾವುಟ ಬೀಸಿ ಒಂದು ನಿಮಿಷ ಆಗಿರಲಿಲ್ಲ, ನಮ್ಮ ಜೀಪು ಹೊಟ್ಟೆಯ ತನಕ ಮರಳಲ್ಲಿ ಹೂತು ಕೂತಿತ್ತು.

ಮೈನಿಂಗ್ ಜೋರಾಗಿದ್ದ ಕಾಲ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಕಂಪ್ಲಿ ಹತ್ತಿರ ಕೆಲವರು ಸೇರಿ ಮರಳಿನ ಮೇಲೆ ಜೀಪ್ ರೇಸ್ ಇಡುತ್ತಿದ್ದರು. ರಾಜಸ್ಥಾನದ ಮರುಭೂಮಿಗೆ ಹೋಗಿ ರೇಸ್ ಓಡಿಸಬೇಕೆಂಬುದು ನನ್ನ ಹುಚ್ಚು. ಮೊದಲು ನಮ್ಮ ಹೊಳೆ ದಾಟಬೇಕಲ್ಲ... ಅದೇ ಆಗಲಿಲ್ಲ.

ಹೊಸಪೇಟೆಯಲ್ಲಿ ನನ್ನದು ಸ್ಪೇರ್ ಪಾರ್ಟ್ಸ್ ಅಂಗಡಿ. ಗುಜರಿಗೆ ಬಂದಿದ್ದ ಒಂದು ಜೀಪನ್ನು ಎರಡು ವರ್ಷ, ಭಾನುವಾರ ಭಾನುವಾರ ಕೂತು ಕಟ್ಟಿದ್ದೆ. ಜೊತೆಗೆ ಖಾದರ್ ಉಸ್ತಾದ್. ಗಾದಿಗನೂರಿನ ಹತ್ತಿರ ಅದಿರು ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್.

ಎಡವಟ್ಟಾಗಿದ್ದು ಅಲ್ಲೇ.

ಜೀವಮಾನವೆಲ್ಲ ಓವರ್‌ಲೋಡ್ ಲಾರಿ ನೋಡಿದ ಮನುಷ್ಯ. ಅವರ ಪ್ರಕಾರ ಗಾಡಿ ಇರುವುದೇ ಭಾರ ಹೊರಲು. ಜೀಪಿಗೆ ಲಾರಿಯ ಸ್ಪ್ರಿಂಗ್ ಪ್ಲೇಟು, ಅಡಿಗೆ ದಪ್ಪ ಕಬ್ಬಿಣದ ಶೀಟು, ಮುಂದೆ ಲಾರಿ ಬಂಪರು. ಯಾಕ್ರೀ ಇಷ್ಟು ಎಂದರೆ ಲೋಡ್ ತಡೀಬೇಕಲ್ಲ ಅನ್ನುತ್ತಿದ್ದರು. ಯಾವ ಲೋಡು ಮಾರಾಯರೇ, ಕೂರುವವರು ನಾವಿಬ್ಬರು.

ನಾನಾದರೂ ತಡೆದೆನಾ? ಇಲ್ಲ. ನೋಡಲು ಗಟ್ಟಿಯಾಗಿತ್ತಲ್ಲ, ಖುಷಿಯಾಗಿದ್ದೆ. ಸಂಡೂರು ಗುಡ್ಡದಲ್ಲಿ ಟ್ರಯಲ್ ನೋಡುವಾಗ ಅದಿರಿನ ಧೂಳು ಏರ್ ಫಿಲ್ಟರಿಗೆ ತುಂಬಿ ಏರಿನಲ್ಲೇ ಎಂಜಿನ್ ಬಂದ್ ಆಗಿತ್ತು. ಹಿಂದೆ ಲಾರಿಗಳ ಸಾಲು, ಬೈಗುಳದ ಸುರಿಮಳೆ. ಆಗಲೂ ಬುದ್ಧಿ ಬರಲಿಲ್ಲ.

ಮರಳಲ್ಲಿ ಹೂತ ಆ ದಿನ ಮನೆಗೆ ಬಂದಾಗ ನನ್ನ ಹೆಂಡತಿ ಗಿರಿಜಾ ಖಡಾಖಂಡಿತ ಹೇಳಿದಳು. ಬರುವ ಬೇಸಿಗೆಗೆ ಇನ್ನೊಂದೇ ಸಲ. ರೇಸ್ ಪೂರ್ತಿ ಮಾಡಿದರೆ ಜೀಪು ಮನೆಯಲ್ಲಿರಲಿ, ಇಲ್ಲದಿದ್ದರೆ ಮಾರಬೇಕು.

ಎರಡು ವರ್ಷ ಒಂದು ಭಾನುವಾರವೂ ಮನೆಯಲ್ಲಿರದವನು ಏನು ವಾದ ಮಾಡಲಿ? ಒಪ್ಪಿದೆ. ಒಳಗೆ ಮಾತ್ರ ಸಂಕಟ... ದಿನವಿಡೀ ಬೇರೆಯವರು ಮಾಡಿದ ಸಾಮಾನು ಮಾರುವವನು ನಾನು. ಕೈಯಾರೆ ಕಟ್ಟಿದ್ದು ಅಂತ ಇದ್ದದ್ದು ಅದೊಂದೇ.

ಆ ವರ್ಷವೆಲ್ಲ ಭಾರ ಇಳಿಸುವ ಕೆಲಸ. ಒಂದೊಂದು ಶೀಟು ಬಿಚ್ಚುವಾಗಲೂ ಉಸ್ತಾದರ ಮುಖ ಹಲ್ಲು ಕೀಳಿಸಿಕೊಂಡವರ ಹಾಗೆ.

ಮತ್ತೆ ಕಂಪ್ಲಿ. ನಿಯಮ ಮೂರೇ. ಹೂತರೆ ಕೈಯಿಂದ ತೋಡಬಹುದು, ತಳ್ಳಬಹುದು. ಗೆರೆ ದಾಟುವಾಗ ಇಬ್ಬರೂ ಗಾಡಿಯಲ್ಲಿರಬೇಕು. ಇನ್ನೊಂದು ಗಾಡಿ ಹಗ್ಗ ಕಟ್ಟಿ ಎಳೆದರೆ ಔಟ್.

ಈ ಸಲ ಜೀಪು ಹಾರಿತು. ಸುಳ್ಳು ಹೇಳುತ್ತಿಲ್ಲ, ಹಾರಿತು! ನಮ್ಮ ಮುಂದೆ ಮೂರೇ ಗಾಡಿ. ಆಚೆ ದಡ ಮುಟ್ಟಿ ವಾಪಸ್ ಗೆರೆಗೆ ಬರುವಾಗ ಅದರಲ್ಲೊಂದು ಹೂತಿತು. ಇನ್ನೇನು ಪಕ್ಕದಲ್ಲಿ ದಾಟಬೇಕು, ಉಸ್ತಾದರು ನಿಲ್ಸ್ರಿ ಅಂದರು.

"ಗಾಡಿ ಹೂತೈತ್ರಿ. ನೋಡಿ ಹಂಗ ಹೋದ್ರ ನಾಳೆ ನಮಗ್ಯಾರು ನಿಲ್ತಾರ?"

ಅದಿರು ರಸ್ತೆಯಲ್ಲಿ ಅದು ಧರ್ಮ. ಕೆಟ್ಟು ನಿಂತ ಲಾರಿಯನ್ನು ದಾಟಿ ಯಾರೂ ಹೋಗುವುದಿಲ್ಲ. ಆದರೆ ಇದು ರೇಸು! ಹೇಳುವಷ್ಟರಲ್ಲಿ ಸಲಿಕೆ, ಗೋಣಿಚೀಲ ಹಿಡಿದು ಇಳಿದೇಬಿಟ್ಟರು. ಅವರನ್ನು ಬಿಟ್ಟು ಹೋದರೆ ನಾನು ಲೆಕ್ಕಕ್ಕಿಲ್ಲ. ಹಲ್ಲು ಕಚ್ಚಿಕೊಂಡು ಕೂತೆ.

ಒಂದಲ್ಲ, ಮುಂದೆ ಹೋಗುತ್ತಾ ಮೂರೂ ಗಾಡಿ ಹೂತವು. ಮೂರನ್ನೂ ತೋಡಿ, ತಳ್ಳಿ, ಸಾಗಹಾಕಿದರು. ಮೂರೂ ಗಾಡಿಯವರು ಕೈ ಬೀಸಿ ನಮ್ಮ ಮುಂದೆಯೇ ಹೋದರು. ನನಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಅವರು ಉತ್ತು ಹೋದ ಮರಳಲ್ಲಿ ನಾವು ಹೂತೆವು. ಗೆರೆ ಐವತ್ತು ಅಡಿ ದೂರ. ಅಲ್ಲೇ ಬುತ್ತಿಚೀಲ ಹಿಡಿದು ಗಿರಿಜಾ ನಿಂತಿದ್ದಾಳೆ.

ಉಸ್ತಾದರು ಗಾಬರಿಯಾಗಲಿಲ್ಲ. ಟೈರಿನ ಗಾಳಿ ಇಳಿಸಿದರೆ ಅಗಲವಾಗಿ ಮರಳು ಹಿಡಿದು ಗಾಡಿ ಎದ್ದು ಬರುತ್ತದೆ ಎಂದರು. ಎರಡು ಟೈರು ಆಯಿತು. ಇನ್ನೆರಡು ಬಾಕಿ. ನನಗೆ ಹೋದ ಜೀವ ಬಂದ ಹಾಗಾಯಿತು.

ಅಷ್ಟರಲ್ಲಿ ಬಂದರು ನೋಡಿ, ಗೆರೆ ದಾಟಿ ಮುಗಿಸಿದ್ದ ಆ ಮೂರು ಗಾಡಿಗಳ ಡ್ರೈವರುಗಳು, ಮೂವರೂ ಒಂದೇ ಜೀಪಿನಲ್ಲಿ. ಕೈಯಲ್ಲಿ ಹಗ್ಗ.

ನಾನು ಎರಡೂ ಕೈ ಆಡಿಸಿ ಬ್ಯಾಡ ಬ್ಯಾಡ ಎಂದು ಕೂಗಿದೆ. ನಮ್ಮ ಕಡೆ ಊಟಕ್ಕೆ ಏಳಿ ಅಂದರೂ ಮೊದಲು ಬ್ಯಾಡ ಅನ್ನುವುದೇ ರೂಢಿ. ಅವರು ಅದನ್ನು ಹಾಗೇ ತಿಳಿದರು.

"ಸಂಕೋಚ ಮಾಡಬ್ಯಾಡ್ರಿ ಅಣ್ಣಾ. ನೀವು ಅಷ್ಟು ಮಾಡೀರಿ, ನಾವು ಇಷ್ಟರ ಮಾಡಬಾರ್ದೇನು?"

ನಾನು ಇಳಿದು ಓಡಿ ಹೋಗುವಷ್ಟರಲ್ಲಿ ಹಗ್ಗ ಕಟ್ಟಿ ಆಗಿತ್ತು. ಎಳೆದೇಬಿಟ್ಟರು. ಹಗ್ಗದ ತುದಿಯಲ್ಲಿ ನನ್ನ ಜೀಪು ಗೆರೆ ದಾಟಿತು. ಜನ ಚಪ್ಪಾಳೆ ಬೇರೆ ಹೊಡೆದರು.

ಪಟ್ಟಿ ಹಿಡಿದಿದ್ದವನು ನಮ್ಮ ನಂಬರಿನ ಮೇಲೆ ಗೀಟು ಎಳೆದ. ಖುಷಿಯಲ್ಲಿ ನಿಯಮ ಮರೆತಿದ್ದ ಆ ಮೂವರ ಮುಖ ಬಾಡಿತು. ಬೈಯೋಣವೆಂದರೆ ಒಬ್ಬ ನನ್ನ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡಿದ್ದಾನೆ... ಏನು ಬೈಯಲಿ?

ಗಿರಿಜಾ ಬುತ್ತಿ ಬಿಚ್ಚಿ ಎಲ್ಲರಿಗೂ ರೊಟ್ಟಿ ಕೊಟ್ಟಳು, ಅವರಿಗೂ. ಮನುಷ್ಯರು ಛಲೋ ಅದಾರ ಬಿಡ್ರಿ ಎಂದು ಉಸ್ತಾದರು ರೊಟ್ಟಿ ಮುರಿದರು. ಆ ಕ್ಷಣ ಅವರನ್ನು ಹೊಳೆಗೆ ತಳ್ಳಬೇಕೆನಿಸಿತು. ಹೊಳೆಯಲ್ಲಿ ನೀರಾದರೂ ಎಲ್ಲಿತ್ತು?

ಸಂಜೆ ಮನೆಯಲ್ಲಿ ಗಿರಿಜಾ ಮೆತ್ತಗೆ ಹೇಳಿದಳು. "ನನಗೂ ಕೆಟ್ಟ ಅನ್ನಿಸೇತ್ರಿ. ಆದ್ರ ಮಾತು ಅಂದ್ರ ಮಾತು."

ಮುಂದಿನ ವಾರ ಮಾರಿದೆ. ಕೊಂಡವನು ಯಾರು ಅಂದುಕೊಂಡಿರಿ? ಅದೇ, ನನ್ನ ಕೈ ಹಿಡಿದು ಅತ್ತವನು. ಹೂವಿನ ಹಾರ ತಂದು ಜೀಪಿಗೆ ಹಾಕಿ, ಭಾಳ ಹಗುರ ಐತ್ರಿ ಅಣ್ಣಾ, ಮಸ್ತ್ ಕಟ್ಟೀರಿ ಎಂದು ಹೊಗಳಿ ಹೊಡೆದುಕೊಂಡು ಹೋದ. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಇಷ್ಟು ವರ್ಷವಾದರೂ ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೆಂದು ತಿಳಿದಿಲ್ಲ... ನಿಮಗೂ ಯಾರಾದರೂ ಇಷ್ಟು ಪ್ರೀತಿಯಿಂದ ಅನ್ಯಾಯ ಮಾಡಿದ್ದಾರಾ?