ಹಳೇ ಫ್ಲಾಪಿಗೊಂದು ಡಬ್ಬಿ, ಹೊಸದಕ್ಕೊಂದು ಡಬ್ಬಿ

ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಮೊಮ್ಮಗಳು ಸತ್ಯಮಂಗಲದ ಫ್ಯಾಕ್ಟರಿಯೊಂದರಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಳು. ಹಾಜರಿಯ ಪ್ರೋಗ್ರಾಂ ಓಡುತ್ತಿದ್ದುದು ಕೋಬಾಲ್ ಅನ್ನೋ ಕಂಪ್ಯೂಟರ್ ಭಾಷೆಯ ಹಳೇ ಆವೃತ್ತಿಯಲ್ಲಿ, ಸ್ಟೋರಿನ ಸಾಮಾನು ಲೆಕ್ಕದ್ದು ಹೊಸದರಲ್ಲಿ. ನಮ್ಮ ಮನೆಯಲ್ಲಿ ಹಾಲಿಗೂ ಮಜ್ಜಿಗೆಗೂ ಬೇರೆ ಸೌಟಿಟ್ಟ ಹಾಗೆ, ಎರಡರ ಫ್ಲಾಪಿಗಳನ್ನೂ ಬೇರೆ ಡಬ್ಬಿಗಳಲ್ಲಿಟ್ಟಿದ್ದಳು. ಅವರ ಮ್ಯಾನೇಜರ್ ಮಹಾಶಯ, ಎರಡೆರಡು ಯಾಕೆಂದು ಹಳೇ ಫ್ಲಾಪಿಗಳ ಮೇಲೇ ಹೊಸ ಕೋಬಾಲನ್ನು ತುಂಬಿಸಿದ. ಹೊಸದರಲ್ಲಿ ಓಡಲಾರದೆ ಹಾಜರಿ ನಿಂತುಹೋಯಿತು. ತಪ್ಪನ್ನು ಇವಳ ತಲೆಗೆ ಕಟ್ಟಿ, ನಾಳೆಯಿಂದ ಬರಬೇಡ ಅಂದನಂತೆ!

“ಹಾಲಿಗೆ ಮಜ್ಜಿಗೆ ಸೌಟು ಅದ್ದಿದೋನು ಅವ್ನು, ಬೈಸ್ಕೊಳ್ಳೋಳು ನೀನಾ? ಅಳಬ್ಯಾಡ ಕಣೇ” ಎಂದು ರೇಗಿದೆ.

“ನಾನ್ಯಾಕಜ್ಜಿ ಅಳ್ಳಿ? ಹಳೇದರ ಇನ್ನೊಂದು ಕಾಪಿ ನಿನ್ ಟ್ರಂಕಲ್ಲೇ ಮಡಗಿದೀನಲ್ಲ!”

ಬರಬೇಡ ಅಂದರೂ ಮಾರನೆಯ ದಿನ ಫ್ಯಾಕ್ಟರಿಗೆ ಹೋಗಿ ಅದನ್ನು ಹಾಕಿದೊಡನೆ ಹಾಜರಿ ಓಡಿತು, ಅವಳ ಕೆಲಸವೂ ಉಳಿಯಿತು. ಹಿಗ್ಗು ತಡೆಯಲಾರದೆ ಬೀದಿಗೆಲ್ಲ ಒಬ್ಬಟ್ಟು ಹಂಚಿದೆ. ತಪ್ಪಾಯಿತೆಂದು ಒಂದು ಮಾತೂ ಆಡದ ಆ ಮ್ಯಾನೇಜರಿಗೆ ಮಾತ್ರ ಚೂರೂ ಕಳಿಸಲಿಲ್ಲ.